ಈ ಆಟಕ್ಕೆ ಕೀ ಆನ್ಸರ್ ಇಲ್ಲ

ಶಾಲೆಯೊಂದರಲ್ಲಿ ನಾಟಕದ ಆಟಗಳನ್ನ ಆಡಿಸ್ತಿದ್ದೀನಿ. ಬೆಂಚೆಲ್ಲ ಗೋಡೆಗೆ ಒತ್ತರಿಸಿದ್ದೀವಿ. ಮಕ್ಕಳು, ಮೇಷ್ಟ್ರು, ಮಿಸ್ಸುಗಳು ಎಲ್ಲರೂ ಒಂದೇ ವೃತ್ತದಲ್ಲಿ ನಿಂತಿದ್ದಾರೆ. ಕೈಯಿಂದ ಕೈಗೆ ಹೋಗ್ತಿರೋದು ಒಂದು ಕಡ್ಡಿಪೊರಕೆ. ಅದರಲ್ಲಿ ಗುಡಿಸೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ಅದನ್ನ ಬೇರೆ ಏನಾದ್ರೂ ಮಾಡಿ ತೋರಿಸಬೇಕು, ಅಷ್ಟೇ.

ಈ ಹುಡುಗಿ ವೀಣೆ ನುಡಿಸಿದ್ಲು. ಪಕ್ಕದವನು ಹೆಗಲಿಗೆ ಹಾಕ್ಕೊಂಡು ಕೂಸಿನ ಬೆನ್ನು ತಟ್ಟಿದ. ಈಗ ಗಣಿತದ ಮೇಷ್ಟ್ರನ್ನ ನೋಡಿ. ತಿರುಗಿಸಿ ಮುರುಗಿಸಿ ನೋಡಿದ್ರು, ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಹಿಂಗ್ ಮಾಡಿದ್ರೆ ಸರೀನಾ?"

ಸಾಮಾನ್ಯವಾಗಿ ತಡವರಿಸೋದು ಟೀಚರ್‌ಗಳೇ. ವರ್ಷವಿಡೀ ಸರಿ-ತಪ್ಪು ಗುರುತು ಹಾಕೋ ಕೈ ಅದು, ಪಾಪ.

ಇಂಥ ಆಟಗಳನ್ನ ಒಂದು ಪದ್ಧತಿಯಾಗಿ ಕಟ್ಟಿದ್ದು ಶಿಕಾಗೊದ ವಯೋಲಾ ಸ್ಪೋಲಿನ್. 1939ರಿಂದ ಅಲ್ಲಿನ ಸರ್ಕಾರಿ ಮನರಂಜನಾ ಯೋಜನೆಯಲ್ಲಿ ನಾಟಕದ ಮೇಲ್ವಿಚಾರಕಿ ಆಗಿದ್ರು. ವಲಸೆ ಬಂದವರ ಮಕ್ಕಳಿಗೆ ಭಾಷಣ ಮಾಡಿ ನಟನೆ ಕಲಿಸೋಕಾಗಲ್ಲ ಅಂತ ಆಟದ ದಾರಿ ಹಿಡಿದ್ರು. ಬೈಗುಳದಷ್ಟೇ ಹೊಗಳಿಕೆಯೂ ಕಲಿಕೆಗೆ ಅಡ್ಡಗಾಲು ಅನ್ನೋದು ಅವರ ವಾದ. ಮೊದಲು ನನಗೂ ಇದು ಅತಿ ಅನ್ನಿಸಿತ್ತು. ಆದ್ರೆ ವೀಣೆಗೆ ಒಬ್ಬರು ಮಿಸ್ಸು "ವೆರಿ ಗುಡ್" ಅಂದ ತಕ್ಷಣ ಏನಾಯ್ತು? ಮುಂದಿನವರು ಸಿತಾರ್, ಅದರ ಮುಂದಿನವರು ಗಿಟಾರ್! ಅದಕ್ಕೇ ನಾನು ಮಾರ್ಕ್ಸ್ ಕೊಡಲ್ಲ. "ಎಷ್ಟು ಭಾರ ಇದೆ?" "ತಂತಿ ಬಿಗಿಯಾಗಿದೆಯಾ?" ಅಂತ ಹೊರಗಿಂದ ಕೂಗ್ತಾ ಇರ್ತೀನಿ. ಆಗ ಅವರ ಗಮನ ನನ್ನ ಮುಖ ಬಿಟ್ಟು ಕೈಗೆ ಹೋಗುತ್ತೆ.

ತಾಳಮದ್ದಳೆ, ಅಂದ್ರೆ ವೇಷ-ಕುಣಿತ ಇಲ್ಲದೆ ಕೂತು ಮಾತಲ್ಲೇ ನಡೆಸೋ ಯಕ್ಷಗಾನ, ಕೇಳಿ ಬೆಳೆದವರಿಗೆ ಇದೇನೂ ಹೊಸದಲ್ಲ. ಭಾಗವತರ ಪದ್ಯ ಮೊದಲೇ ಗೊತ್ತು. ಅರ್ಥ, ಅಂದ್ರೆ ಪಾತ್ರಗಳ ಮಾತು, ಮಾತ್ರ ಅಲ್ಲೇ, ಎದುರಿನವರ ಮಾತಿಗೆ ತಕ್ಕ ಹಾಗೆ ಹುಟ್ಟಬೇಕು. ಕೌರವ ಎತ್ತಿದ ಪ್ರಶ್ನೆಯನ್ನ ಕೃಷ್ಣ ಕಿವಿಗೆ ಹಾಕ್ಕೊಳ್ಳದೇ ಇದ್ರೆ ಸಂಧಾನದ ಪ್ರಸಂಗ ಅಲ್ಲೇ ಠುಸ್.

ಮಧ್ಯಾಹ್ನ ಸಮಾಜ ವಿಜ್ಞಾನದ ಪಿರಿಯಡ್‌ನಲ್ಲಿ ಅದನ್ನೇ ಮಾಡಿದ್ವಿ. ಕೆರೆ ಒತ್ತುವರಿ ವಿಚಾರಣೆ. ತಹಶೀಲ್ದಾರ್ ಆಗಿದ್ದವನು ಕ್ಲಾಸಲ್ಲಿ ಬಾಯೇ ಬಿಡಲ್ವಂತೆ.

"ಸ್ವಾಮಿ, ನೀರೇ ಇಲ್ಲ, ಅದು ಹೆಂಗೆ ಕೆರೆ ಆಗುತ್ತೆ?"

"ನೀವು ಮಣ್ಣು ತುಂಬಿಸಿದ ಮೇಲೆ ನೀರು ಎಲ್ಲಿ ನಿಲ್ಲುತ್ತಮ್ಮ?"

ಅಷ್ಟರಲ್ಲಿ ಏನಿದು ಗಲಾಟೆ ಅಂತ ಹೆಡ್‌ಮಿಸ್ ಬಾಗಿಲಿಗೆ ಬಂದ್ರು. ತಹಶೀಲ್ದಾರ್ ಬಿಡ್ತಾನಾ? "ಬನ್ನಿ ಮೇಡಂ, ಪಹಣಿ ತಂದ್ರಾ?"

ಕೈಲಿದ್ದ ಹಾಜರಿ ಪುಸ್ತಕ ಮುಂದೆ ಹಿಡಿದು ಅವರು ಹೇಳಿದ್ದು: "ತಂದಿದೀನಿ ಸಾರ್. ಡೂಪ್ಲಿಕೇಟ್ ಅಂತ ಮಾತ್ರ ಅನ್ಬೇಡಿ."