ಸುಂಕದವರ ಕೈಯಲ್ಲಿ ಹೈಹೀಲ್ಸ್

ಕೇಳುಗರಿಗೆ ನಮಸ್ಕಾರ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಅಂತ ನಮ್ಮಲ್ಲೊಂದು ಗಾದೆ ಇದೆ. ಬೇರೆ ದೇಶದಿಂದ ಹಡಗೇರಿ ಬಂದ ಒಂದು ಜೊತೆ ಹೆಂಗಸರ ಶೂಗಳಿಗೆ ಈ ಗಾದೆ ಎಷ್ಟು ಸರಿಯಾಗಿ ಒಪ್ಪುತ್ತದೆ ಅನ್ನುವುದೇ ಇವತ್ತಿನ ಮಾತು. ಶೂ ಎಷ್ಟು ಚೆಂದ, ಯಾವ ಬ್ರ್ಯಾಂಡಿನದು, ಪಾರ್ಟಿಗೋ ಆಫೀಸಿಗೋ, ಹಾಕಿಕೊಂಡರೆ ಹಿಮ್ಮಡಿ ಕಚ್ಚುತ್ತದೆಯೋ ಇಲ್ಲವೋ, ಇದ್ಯಾವುದೂ ಸುಂಕದ ಅಧಿಕಾರಿಗೆ ಬೇಕಿಲ್ಲ. ಅವರು ಶೂವನ್ನು ಒಮ್ಮೆ ಹೊರಗಿನಿಂದ ನೋಡುತ್ತಾರೆ, ಆಮೇಲೆ ತಲೆಕೆಳಗು ಮಾಡುತ್ತಾರೆ. ಕಣ್ಣಿಗೆ ಕಾಣುವುದು ಯಾವ ವಸ್ತು? ನೆಲಕ್ಕೆ ತಾಗುವುದು ಯಾವ ವಸ್ತು? ಮುಕ್ಕಾಲು ಪಾಲು ತೀರ್ಮಾನ ಅಲ್ಲಿಗೇ ಮುಗಿಯುತ್ತದೆ.

ಇದಕ್ಕೊಂದು ಪುಸ್ತಕವಿದೆ. ಬ್ರಸೆಲ್ಸ್‌ನಲ್ಲಿರುವ ವಿಶ್ವ ಸುಂಕ ಸಂಸ್ಥೆ ನೋಡಿಕೊಳ್ಳುವ ಹಾರ್ಮೊನೈಸ್ಡ್ ಸಿಸ್ಟಂ ಅಂತ ಅದರ ಹೆಸರು. 1988ರ ಜನವರಿ 1ರಿಂದ ಜಾರಿಯಲ್ಲಿದೆ. ಲೋಕದಲ್ಲಿ ಕೊಂಡು ಮಾರುವ ಸರಕಿಗೆಲ್ಲ ಆರು ಅಂಕಿಯ ಒಂದೊಂದು ಸಂಖ್ಯೆ. ಪಾದರಕ್ಷೆಗಳದ್ದು 64ನೇ ಅಧ್ಯಾಯ. ಮೊದಲ ನಾಲ್ಕು ಅಂಕಿ ಮಾತ್ರ ನೋಡಿದರೆ, ಅಟ್ಟೆ, ಮೇಲ್ಭಾಗ ಎರಡೂ ರಬ್ಬರ್ ಅಥವಾ ಪ್ಲಾಸ್ಟಿಕ್ ಆದರೆ 6402. ಮೇಲ್ಭಾಗ ಚರ್ಮವಾದರೆ 6403, ಬಟ್ಟೆಯಾದರೆ 6404. ಎಲ್ಲೂ ಕೂರದವು 6405ಕ್ಕೆ. ಹೊಲಿಗೆಯಿಲ್ಲದ, ನೀರು ಹೊಗದ ಮಳೆಗಾಲದ ಗಮ್‌ಬೂಟಿಗೆ 6401. ಅದನ್ನು ಇವತ್ತು ಬಿಟ್ಟುಬಿಡೋಣ.

ಈ ಅಧ್ಯಾಯದ ಆರಂಕಿಯ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ‘ಮಹಿಳೆ’ ಅನ್ನುವ ಪದವೇ ಸಿಗುವುದಿಲ್ಲ. ಬಟ್ಟೆಬರೆಯ ಅಧ್ಯಾಯಗಳಲ್ಲಿ ಹಾಗಲ್ಲ. ಅಲ್ಲಿ ಗಂಡಸರ ಉಡುಪು, ಹೆಂಗಸರ ಉಡುಪು ಬೇರೆ ಬೇರೆ ಶೀರ್ಷಿಕೆ. ಎದುರಿನ ಎಡ ಅಂಚು ಬಲದ ಮೇಲೆ ಬಂದರೆ ಗಂಡಸರದು, ಬಲ ಅಂಚು ಎಡದ ಮೇಲೆ ಬಂದರೆ ಹೆಂಗಸರದು ಅಂತ ಗುಂಡಿ ಹಾಕುವ ದಿಕ್ಕಿಗೂ ಟಿಪ್ಪಣಿ ಬರೆದಿಟ್ಟಿದ್ದಾರೆ. ಯಾರದೆಂದು ಗೊತ್ತಾಗದ ಉಡುಪು ಹೆಂಗಸರ ಲೆಕ್ಕಕ್ಕೆ ಹೋಗುತ್ತದೆ. ಇಷ್ಟೆಲ್ಲ ತಲೆ ಕೆಡಿಸಿಕೊಂಡವರು ಶೂ ವಿಷಯಕ್ಕೆ ಬಂದಾಗ ಹೆಣ್ಣು ಗಂಡು ಬಿಟ್ಟು ವಸ್ತುವನ್ನಷ್ಟೇ ನೋಡಿದರು.

ಹಾಗಂತ ವಸ್ತು ನೋಡುವುದು ಸುಲಭ ಅಂದುಕೊಳ್ಳಬೇಡಿ. ಹೆಂಗಸರ ಒಂದು ಶೂ ತೆಗೆದುಕೊಳ್ಳಿ. ಮುಂದೆ ಸ್ವೇಡ್ ಅನ್ನುವ ನವಿರು ಚರ್ಮ, ಪಕ್ಕದಲ್ಲಿ ಜಾಲರಿ ಬಟ್ಟೆ, ಹಿಂದೆ ಹೊಳೆಯುವ ಪಾಲಿಯುರಿಥೇನ್ ಪ್ಲಾಸ್ಟಿಕ್, ಮೇಲೊಂದು ಲೋಹದ ಬಕಲು, ಒಳಗೆ ಮೆತ್ತನೆಯ ಕುರಿಚರ್ಮದ ಲೈನಿಂಗ್. ಇದು ಯಾವ ಶೂ? ಅಧ್ಯಾಯದ 4ನೇ ಟಿಪ್ಪಣಿ ಹೇಳುತ್ತದೆ: ಮೇಲ್ಭಾಗದ ಹೊರಮೈಯಲ್ಲಿ ಯಾವ ವಸ್ತು ಹೆಚ್ಚು ಜಾಗ ಹಿಡಿದಿದೆಯೋ ಶೂ ಆ ವಸ್ತುವಿನದು. ಬೆಲೆಯಲ್ಲ, ತೂಕವಲ್ಲ, ವಿಸ್ತೀರ್ಣ. ಒಳಗಿನ ಲೈನಿಂಗ್ ಎಷ್ಟೇ ದುಬಾರಿಯಾದರೂ ಲೆಕ್ಕಕ್ಕಿಲ್ಲ. ಬಕಲು, ಅಂಚುಪಟ್ಟಿ, ಅಲಂಕಾರ, ಕಾಲಿನ ಹರಡಿನ ಮೇಲೆ ಹಚ್ಚಿದ ತೇಪೆ, ಇವನ್ನೂ ಕಳೆದು ಅಳೆಯಬೇಕು. ತಕರಾರು ಶುರುವಾಗುವುದೇ ಇಲ್ಲಿ. ಬಟ್ಟೆಯ ಮೇಲೆ ಹೊಲಿದ ಚರ್ಮದ ತುಂಡು ಬರೀ ಬಲಪಡಿಸುವ ಪಟ್ಟಿಯೋ ಅಥವಾ ಮೇಲ್ಭಾಗವೇ ಅದೋ? ಐರೋಪ್ಯ ಒಕ್ಕೂಟದವರು ಇದಕ್ಕೊಂದು ಉಪಾಯ ಬರೆದಿದ್ದಾರೆ. ಆ ತುಂಡನ್ನು ಕಿತ್ತು ನೋಡಿ, ಕೆಳಗೆ ಉಳಿದದ್ದಕ್ಕೆ ಮೇಲ್ಭಾಗವಾಗುವ ಯೋಗ್ಯತೆ ಇದ್ದರೆ ಕಿತ್ತದ್ದು ಪಟ್ಟಿ. ಬರೀ ಲೈನಿಂಗಿನಂಥದ್ದು ಉಳಿದರೆ ಕಿತ್ತದ್ದೇ ಮೇಲ್ಭಾಗ. ಹತ್ತು ಪುಟದ ವ್ಯಾಖ್ಯಾನಕ್ಕಿಂತ ಇದು ಮೇಲು ಅಂತ ನನಗೆ ಅನ್ನಿಸುತ್ತದೆ.

ಇನ್ನು ಫಾಕ್ಸ್ ಲೆದರ್, ಅಂದರೆ ನಕಲಿ ಚರ್ಮ. ನೇಯ್ದ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಲೇಪ, ಅಷ್ಟೆ. ಆ ಲೇಪ ಬರಿಗಣ್ಣಿಗೆ ಒಂದು ಪದರವಾಗಿ ಕಂಡರೆ ಶೂ ಪ್ಲಾಸ್ಟಿಕ್ಕಿನದು, ಕಾಣದಿದ್ದರೆ ಬಟ್ಟೆಯದು. ಲೇಪದಿಂದ ಬಣ್ಣ ಬದಲಾಗಿದೆ ಅನ್ನುವುದು ಸಾಕ್ಷಿಯಾಗುವುದಿಲ್ಲ. ಪ್ರಯೋಗಾಲಯದ ಉಪಕರಣಗಳೆಲ್ಲ ಇರುವ ಕಾಲದಲ್ಲಿ, ಸೂಕ್ಷ್ಮದರ್ಶಕ ಪಕ್ಕಕ್ಕಿಟ್ಟು ಕಣ್ಣನ್ನು ನಂಬಿ ಅನ್ನುವ ಕಾನೂನು ಇದು.

ಈಗ ಶೂ ತಿರುಗಿಸಿ. ನೆಲಕ್ಕೆ ತಾಗುವ ಭಾಗದಲ್ಲಿ ಯಾವ ವಸ್ತುವಿನ ವಿಸ್ತೀರ್ಣ ಹೆಚ್ಚೋ ಅದೇ ಹೊರ ಅಟ್ಟೆ. ಹೈಹೀಲ್ಸ್ ಹಾಕುವವರು ಕೇಳಿಸಿಕೊಳ್ಳಬೇಕಾದ ಸಂಗತಿ ಒಂದಿದೆ. ಅಟ್ಟೆಗೆ ಬೇರೆಯಾಗಿ ಕೂರಿಸಿದ ಹೀಲು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಅಧಿಕೃತ ವಿವರಣೆಯೇ ಹಾಗೆ ಹೇಳುತ್ತದೆ. ಮೈಭಾರವನ್ನೆಲ್ಲ ಹೊತ್ತು, ಟಕಟಕ ಸದ್ದು ಮಾಡಿ ನಾಲ್ಕು ಜನ ತಿರುಗಿ ನೋಡುವಂತೆ ಮಾಡುವ ಆ ಕಡ್ಡಿ ಸುಂಕದ ಕಣ್ಣಿಗೆ ಬೀಳುವುದಿಲ್ಲ; ಮುಂಗಾಲ ಕೆಳಗಿನ ಅಟ್ಟೆಯನ್ನಷ್ಟೇ ನೋಡುತ್ತಾರೆ. ಎಸ್ಪಡ್ರಿಲ್ ಅನ್ನುವ ನಾರುಹಗ್ಗದ ಅಟ್ಟೆಯ ಶೂ ನೋಡಿರಬಹುದು. ಸುತ್ತಲೂ ಕಾಣುವುದು ಹೆಣೆದ ಸೆಣಬು. ತಳಕ್ಕೆ ತೆಳ್ಳನೆಯ ರಬ್ಬರ್ ಹಾಳೆ ಅಂಟಿಸಿದರೆ ಅದು ರಬ್ಬರ್ ಅಟ್ಟೆಯ, ಬಟ್ಟೆ ಮೇಲ್ಭಾಗದ 6404. ರಬ್ಬರ್ ಇಲ್ಲದೆ ಸೆಣಬೇ ನೆಲಕ್ಕೆ ತಾಗಿದರೆ 6405. ಹಾಕಿಕೊಂಡವರಿಗೆ ವ್ಯತ್ಯಾಸ ಗೊತ್ತಾಗುವುದು ಮಳೆ ಬಂದ ದಿನ ಮಾತ್ರ.

ಆಮೇಲೆ ಸಣ್ಣಪುಟ್ಟ ಕವಲುಗಳು. ಶೂ ಕಾಲಿನ ಹರಡನ್ನು ಮುಚ್ಚುತ್ತದೆಯೇ? ಚರ್ಮದ ಅಟ್ಟೆಯ ಮೇಲೆ ಪಾದಕ್ಕೆ ಅಡ್ಡಲಾಗಿ ಚರ್ಮದ ಪಟ್ಟಿ, ಹೆಬ್ಬೆರಳ ಸುತ್ತ ಇನ್ನೊಂದು ಪಟ್ಟಿ ಇದ್ದರೆ ಅದಕ್ಕೆಂದೇ 6403.20 ಅನ್ನುವ ಮನೆ. ರಬ್ಬರ್ ಚಪ್ಪಲಿಯ ಪಟ್ಟಿ ಕಿತ್ತು ಬಂದಾಗ ಕೈಗೆ ಸಿಗುವ ಆ ಗುಬುಟು ಇದೆಯಲ್ಲ, ಅಂಥ ಗುಬುಟಿನಿಂದ ಅಟ್ಟೆಗೆ ಸಿಕ್ಕಿಸಿದ ಚಪ್ಪಲಿಗೆ 6402.20. ಹಾಕಿ ಹಳೆಯದಾದ ಚಪ್ಪಲಿಗಳ ಮೂಟೆ, ಮೂಳೆವೈದ್ಯರು ಹೇಳಿದ ವಿಶೇಷ ಶೂ, ಚಕ್ರ ಜೋಡಿಸಿದ ಸ್ಕೇಟು, ಇವು ಮೂರೂ ಈ ಅಧ್ಯಾಯದಿಂದಲೇ ಹೊರಗೆ.

ಹಾಗಾದರೆ ಹೆಂಗಸರ ಶೂ ಅನ್ನುವ ಮಾತು ಬರುವುದು ಎಲ್ಲಿ? ಆರು ಅಂಕಿಯ ಆಚೆ. ಅಲ್ಲಿಂದ ಮುಂದೆ ಒಂದೊಂದು ದೇಶವೂ ತನ್ನ ಅಂಕಿ ಸೇರಿಸಿಕೊಳ್ಳಬಹುದು. ಅಮೆರಿಕದ ಪಟ್ಟಿಯಲ್ಲಿ ಹರಡು ಮುಚ್ಚದ ಚರ್ಮದ ಶೂಗಳ ಒಂದು ಕಡೆ ಗಂಡಸರು, ತರುಣರು, ಹುಡುಗರದಕ್ಕೆ ಮೂಲ ದರ ಶೇ. 8.5, ಅದರ ಕೆಳಗೆ ‘ಇತರ ವ್ಯಕ್ತಿಗಳಿಗೆ’ ಅಂತ ಬರೆದು ಶೇ. 10. ಆ ಇತರ ವ್ಯಕ್ತಿಗಳು ಅಂದರೆ ಹೆಂಗಸರು, ಹುಡುಗಿಯರು ಮತ್ತು ಎಳೆಮಕ್ಕಳು! ಇದು ಲಿಂಗ ತಾರತಮ್ಯ ಅಂತ ಆಮದುದಾರರು ಕೋರ್ಟು ಹತ್ತಿದರು. 2013ರಲ್ಲಿ ರ‍್ಯಾಕ್ ರೂಮ್ ಶೂಸ್ ಪ್ರಕರಣದಲ್ಲಿ ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ದರ ಬೇರೆ ಇದೆ ಅಂದರೆ ಸಾಲದು, ತಾರತಮ್ಯ ಮಾಡುವ ಉದ್ದೇಶವೇ ಇತ್ತು ಎಂಬುದಕ್ಕೆ ದಾವೆಯಲ್ಲಿ ಆಧಾರ ಇರಬೇಕು ಅಂದಿತು. ಕಾನೂನಿನ ತರ್ಕ ಅರ್ಥವಾಗುತ್ತದೆ. ಆದರೂ ‘ಇತರ ವ್ಯಕ್ತಿಗಳು’ ಅನ್ನುವ ಮಾತು ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ.

ಐರೋಪ್ಯ ಒಕ್ಕೂಟ ಬೇರೆ ದಾರಿ ಹಿಡಿದಿದೆ. ಅಲ್ಲಿ ಒಳ ಅಟ್ಟೆಯ ಉದ್ದ ನೋಡುತ್ತಾರೆ. 24 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಯಾರದು ಅಂತ ಕೇಳುವುದೇ ಇಲ್ಲ. 24 ಅಥವಾ ಹೆಚ್ಚಾದರೆ ಗಂಡಸರದೋ, ಹೆಂಗಸರದೋ, ಎರಡೂ ಹೇಳಲಾಗದ್ದೋ ಅಂತ ಮೂರು ಭಾಗ. ಪುಟ್ಟ ಪಾದದವರು ಪ್ರಶ್ನೆಯಿಂದಲೇ ಪಾರು. ಅಲ್ಲಿ ಚರ್ಮದ ಶೂಗಳ ದರ ಬಹುತೇಕ ಶೇ. 8ರ ಆಸುಪಾಸು, ಪ್ಲಾಸ್ಟಿಕ್ ಮತ್ತು ಬಟ್ಟೆಯವಕ್ಕೆ ಶೇ. 17ರ ಹತ್ತಿರ. ಅಗ್ಗದ ಚಪ್ಪಲಿಗೆ ಹೆಚ್ಚು, ದುಬಾರಿ ಶೂಗೆ ಕಡಿಮೆ. ವಿನ್ಯಾಸಕಾರರು ಪಕ್ಕದ ಚರ್ಮದ ತುಂಡನ್ನು ಒಂದು ಬೆರಳಗಲ ಹೆಚ್ಚು ಕತ್ತರಿಸುವ ಆಸೆಗೆ ಬೀಳುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಇಂಥ ಆಸೆಗಳ ಕಥೆ ಬೇಕಾದಷ್ಟಿವೆ. ಅಮೆರಿಕಕ್ಕೆ ಹೋಗುವ ಬಟ್ಟೆ ಶೂಗಳ ರಬ್ಬರ್ ತಳಕ್ಕೆ ಒಂದು ಕಾಲದಲ್ಲಿ ನವಿರಾದ ನಾರಿನ ಪದರ ಹಚ್ಚುತ್ತಿದ್ದರು. ನಾಲ್ಕು ದಿನ ನಡೆದರೆ ಸವೆದು ಹೋಗುವಂಥದ್ದು. ಆದರೆ ಬಂದರಿನಲ್ಲಿ ಇಳಿಯುವ ಹೊತ್ತಿಗೆ ನೆಲಕ್ಕೆ ತಾಗುವುದು ರಬ್ಬರಲ್ಲ, ಬಟ್ಟೆ! ಶೇ. 37.5ರ ಸಾಲಿನಲ್ಲಿದ್ದ ಶೂ 12.5ರ ಸಾಲಿಗೆ ಜಾರುತ್ತಿತ್ತು. ಸರ್ಕಾರ ಕೊನೆಗೆ, ಅಟ್ಟೆಗೆ ಬೇಕಾದ ಗಟ್ಟಿತನ, ಬಾಳಿಕೆ ಇಲ್ಲದ ಬಟ್ಟೆಯನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ಹೊಸ ಟಿಪ್ಪಣಿ ಸೇರಿಸಿತು. ಚಾಪೆ ಕೆಳಗೆ ನುಸುಳುವವರಿಗೆ ರಂಗೋಲಿ ಕೆಳಗೆ ನುಸುಳುವವರು ಸಿಕ್ಕ ಹಾಗೆ.

ಇನ್ನೊಂದು ಪ್ರಕರಣದಲ್ಲಿ ವ್ಯಾಜ್ಯ ನಡೆದದ್ದು ಒಂದೇ ಪದದ ಮೇಲೆ. ಕ್ರೋಷಾ ಹೆಣಿಗೆಯ ಮೇಲ್ಭಾಗವಿದ್ದ ಡೆಕರ್ಸ್ ಕಂಪನಿಯ ಬೂಟು. ಲೇಸಿಲ್ಲ, ಬಕಲಿಲ್ಲ, ಎಳೆದು ಹಾಕಿಕೊಳ್ಳಬೇಕು. ‘ಸ್ಲಿಪ್-ಆನ್’ ಆದರೆ ಶೇ. 37.5, ಅಲ್ಲದಿದ್ದರೆ ಶೇ. 9. ಸ್ಲಿಪ್-ಆನ್ ಅಂದರೆ ತಗ್ಗಿನ ಶೂ, ಬೂಟಲ್ಲ ಅಂತ ಕಂಪನಿಯ ವಾದ. 2013ರಲ್ಲಿಯೇ, ಅಮೆರಿಕದ ಅದೇ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ, ಎಳೆದು ಹಾಕುವ ಬೂಟೂ ಸ್ಲಿಪ್-ಆನ್ ಅಂದಿತು. ಒಂದು ಜಿಪ್ ಇದ್ದಿದ್ದರೆ ಏನಾಗುತ್ತಿತ್ತು ಅಂತ ಆ ಕಂಪನಿಯಲ್ಲಿ ಯಾರಾದರೂ ಯೋಚಿಸಿಯೇ ಇರುತ್ತಾರೆ.

ಇಷ್ಟು ಗೋಜಲಿರುವುದರಿಂದಲೇ ತಿಳಿದ ಆಮದುದಾರರು ಸರಕು ತರಿಸುವ ಮೊದಲೇ ಅದು ಯಾವ ಸಂಖ್ಯೆಗೆ ಸೇರುತ್ತದೆ ಅಂತ ಸುಂಕದವರಿಗೆ ಬರೆದು ಕೇಳುತ್ತಾರೆ. ಹಾಗೆ ಸಿಗುವ ಉತ್ತರಕ್ಕೆ ಮುಂಗಡ ನಿರ್ಣಯ ಅನ್ನುತ್ತಾರೆ. 2017ರ ಫೆಬ್ರವರಿ 22ರಂದು ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮಗೊಳಿಸುವ ಒಪ್ಪಂದದಲ್ಲಿ ಇದೂ ಒಂದು ಅಂಶ. ಐರೋಪ್ಯ ಒಕ್ಕೂಟದಲ್ಲಿ ಅಂಥ ನಿರ್ಣಯ 3 ವರ್ಷ ನಡೆಯುತ್ತದೆ. ಅರ್ಜಿಯಲ್ಲಿ ‘ಸೊಗಸಾದ ಮಹಿಳಾ ಶೂ’ ಅಂತ ಬರೆದರೆ ಪ್ರಯೋಜನವಿಲ್ಲ. ಮೇಲ್ಭಾಗದಲ್ಲಿ ಯಾವ ವಸ್ತು ಶೇಕಡಾ ಎಷ್ಟು, ಅಟ್ಟೆ ಯಾವುದರದು, ಹರಡು ಮುಚ್ಚುತ್ತದೆಯೇ, ಹಾಕಿಕೊಳ್ಳುವುದು ಹೇಗೆ, ಜೊತೆಯ ಬೆಲೆ ಎಷ್ಟು, ಇಷ್ಟು ಬೇಕು. ಜೊತೆಗೆ ಮಾದರಿ. ಅಮೆರಿಕದ ಸುಂಕ ನಿರ್ಣಯಗಳನ್ನು ಓದುತ್ತಾ ಹೋದರೆ ‘ನೀವು ಕಳಿಸಿದ ಅರ್ಧ ಜೊತೆ ಮಾದರಿ’ ಅನ್ನುವ ಮಾತು ಮತ್ತೆ ಮತ್ತೆ ಸಿಗುತ್ತದೆ. ಅರ್ಧ ಜೊತೆ ಅಂದರೆ ಒಂದು ಕಾಲಿನ ಶೂ. ಕೋರಿಕೆಯಂತೆ ಅದನ್ನು ಮರಳಿ ಕಳಿಸಲಾಗುವುದು ಅಂತ ಪತ್ರದ ಕೊನೆಗೆ ಕೆಲವೊಮ್ಮೆ ಇರುತ್ತದೆ. ಇನ್ನೊಂದು ಕಾಲಿನದು ಎಲ್ಲೋ ಕಪಾಟಿನಲ್ಲಿ ಕಾಯುತ್ತಿರಬೇಕು.

ನಮಸ್ಕಾರ.