ಸತ್ತವರ ಫೋಟೊ ಇದ್ದ ಮತಪತ್ರ

ಸ್ನೇಹಿತರೇ,

2023ರ ಆಗಸ್ಟ್ 20ರಂದು ದಕ್ಷಿಣ ಅಮೆರಿಕದ ಈಕ್ವೆಡಾರ್‌ನ ಜನ ಹೊಸ ಅಧ್ಯಕ್ಷರನ್ನು ಆರಿಸಲು ಸಾಲಿನಲ್ಲಿ ನಿಂತಿದ್ದರು. ಮತಪತ್ರದಲ್ಲಿ 8 ಮಂದಿಯ ಫೋಟೊ ಇತ್ತು. ಅವರಲ್ಲಿ ಒಬ್ಬರು 11 ದಿನದ ಹಿಂದೆಯೇ ಕೊಲೆಯಾಗಿದ್ದರು.

ಅವರು ಫೆರ್ನಾಂಡೊ ವಿಯಾವಿಸೆನ್ಸಿಯೊ. ಭ್ರಷ್ಟಾಚಾರವನ್ನು ಬಯಲಿಗೆಳೆಯುತ್ತಿದ್ದ ಪತ್ರಕರ್ತ. ಆಗಸ್ಟ್ 9ರ ಸಂಜೆ ರಾಜಧಾನಿ ಕಿಟೊದಲ್ಲಿ ಸಭೆ ಮುಗಿಸಿ ಕಾರು ಹತ್ತುವಾಗ ಗುಂಡು ಬಿತ್ತು. ಮತಪತ್ರಗಳು ಆಗಲೇ ಅಚ್ಚಾಗಿದ್ದವು. ಅವರ ಗೆಳೆಯ, ಇನ್ನೊಬ್ಬ ಪತ್ರಕರ್ತ ಕ್ರಿಸ್ಟಿಯನ್ ಜುರಿಟಾ ಅವರ ಜಾಗದಲ್ಲಿ ನಿಂತರು. ಆದರೆ ಜನ ಗುರುತು ಹಾಕಿದ್ದು ವಿಯಾವಿಸೆನ್ಸಿಯೊ ಫೋಟೊಗೇ. ಆ ಮತಗಳು ಮೂರನೇ ಸ್ಥಾನಕ್ಕೆ ಬಂದವು. ನನಗಂತೂ ಆ ವರ್ಷದ ಬೇರೆಲ್ಲ ಸುದ್ದಿಗಿಂತ ಈ ಮತಪತ್ರವೇ ಜಾಸ್ತಿ ಕಾಡುತ್ತದೆ.

ಆ ಚುನಾವಣೆ ನಡೆಯಬೇಕಾಗಿದ್ದೇ 2025ರಲ್ಲಿ. ಆದರೆ 2023ರ ಮೇ ತಿಂಗಳಲ್ಲಿ ಅಧ್ಯಕ್ಷ ಗಿಯೆರ್ಮೊ ಲಾಸೊ ಮೇಲೆ ಮಹಾಭಿಯೋಗ ನಡೆಯುತ್ತಿತ್ತು. ಅವರು ಸಂಸತ್ತನ್ನೇ ವಿಸರ್ಜಿಸಿಬಿಟ್ಟರು. ಹಾಗೆ ಮಾಡಿದರೆ ಅಧ್ಯಕ್ಷರ ಅವಧಿಯೂ ಅಲ್ಲಿಗೇ ಮುಗಿಯುತ್ತದೆ. ಇದಕ್ಕೆ ಅಲ್ಲಿನವರು 'ಮುಯೆರ್ತೆ ಕ್ರುಸಾದಾ' ಅನ್ನುತ್ತಾರೆ, ಅಂದರೆ ಇಬ್ಬರಿಗೂ ಸಾವು. ಜುಲೈನಲ್ಲಿ ಮಾಂಟಾ ನಗರದ ಮೇಯರ್ ಅಗುಸ್ಟಿನ್ ಇಂಟ್ರಿಯಾಗೊ ಕೂಡ ಗುಂಡಿಗೆ ಬಲಿಯಾದರು.

ಇಷ್ಟೊಂದು ರಕ್ತ ಯಾಕೆ? ಉತ್ತರಕ್ಕೆ ಕೊಲಂಬಿಯಾ, ದಕ್ಷಿಣಕ್ಕೆ ಪೆರು. ಎರಡೂ ಕೊಕೇನ್ ತಯಾರಾಗುವ ನಾಡು. ನಡುವೆ ಈಕ್ವೆಡಾರ್. ಜಗತ್ತಿಗೆ ಅತಿ ಹೆಚ್ಚು ಬಾಳೆಹಣ್ಣು ಕಳಿಸುವ ದೇಶ ಅದು. ಗುವಾಯಾಕಿಲ್ ಬಂದರಿನಿಂದ ಯುರೋಪಿಗೆ ಹೊರಡುವ ಬಾಳೆಹಣ್ಣಿನ ಕಂಟೇನರ್‌ಗಳ ಒಳಗೇ ಕೊಕೇನ್ ಕೂಡ ಹೋಗುತ್ತದೆ. ಚಲಾವಣೆಯಲ್ಲಿರುವುದು ಅಮೆರಿಕದ ಡಾಲರ್, ಹಾಗಾಗಿ ಕಪ್ಪು ಹಣ ಓಡಾಡುವುದೂ ಸುಲಭ. ಚಿಕ್ಕ ಅಂಗಡಿಯವನೂ ಗ್ಯಾಂಗಿಗೆ ಹಫ್ತಾ ಕೊಡಬೇಕು. ಅದಕ್ಕೆ ಅಲ್ಲಿ 'ವಕುನಾ' ಎಂದು ಹೆಸರು. ವಕುನಾ ಅಂದರೆ ಲಸಿಕೆ! ಹಾಕಿಸಿಕೊಂಡರೆ ಜೀವ ಉಳಿಯುತ್ತದೆ, ಅಷ್ಟೇ.

ಗ್ಯಾಂಗುಗಳ ಕಚೇರಿ ಇದ್ದದ್ದು ಜೈಲಿನಲ್ಲೇ. 2021ರ ಸೆಪ್ಟೆಂಬರ್‌ನಲ್ಲಿ ಗುವಾಯಾಕಿಲ್‌ನ ಒಂದೇ ಜೈಲಿನಲ್ಲಿ 100ಕ್ಕೂ ಹೆಚ್ಚು ಕೈದಿಗಳು ಬಡಿದಾಡಿ ಸತ್ತಿದ್ದರು. ವಿಯಾವಿಸೆನ್ಸಿಯೊ ಕೊಲೆಯಲ್ಲಿ ಬಂಧಿತರಾದ 6 ಕೊಲಂಬಿಯನ್ನರನ್ನೂ ಅಲ್ಲೇ ಇಟ್ಟರು. ಅಕ್ಟೋಬರ್ 6ರಂದು ಆ 6 ಮಂದಿಯೂ ಜೈಲಿನೊಳಗೇ ಕೊಲೆಯಾದರು. ಕಳಿಸಿದವರು ಯಾರು ಅಂತ ಅವರನ್ನೇ ಕೇಳಬೇಕಿತ್ತಲ್ವಾ?

ಅಕ್ಟೋಬರ್ 15ರ ಎರಡನೇ ಸುತ್ತಿನಲ್ಲಿ ಗೆದ್ದವರು 35 ವರ್ಷದ ಡೇನಿಯಲ್ ನೊಬೊವಾ. ಬಾಳೆಹಣ್ಣಿನ ವ್ಯಾಪಾರದಲ್ಲಿ ಬೆಳೆದ ದೊಡ್ಡ ಶ್ರೀಮಂತ ಮನೆತನದವರು. ಗ್ಯಾಂಗುಗಳನ್ನು ಮಟ್ಟಹಾಕುವುದಾಗಿ ಮಾತು ಕೊಟ್ಟಿದ್ದರು.

ಅವರು ಅಧಿಕಾರ ಹಿಡಿದು ಎರಡು ತಿಂಗಳೂ ಆಗಿರಲಿಲ್ಲ. 2024ರ ಜನವರಿ 7ರಂದು ಗುವಾಯಾಕಿಲ್‌ನ ಜೈಲಿನಲ್ಲಿ ಒಂದು ಕೋಣೆ ಖಾಲಿ ಇತ್ತು. 34 ವರ್ಷದ ಶಿಕ್ಷೆಯಾಗಿದ್ದ, 'ಲೊಸ್ ಚೊನೆರೊಸ್' ಗ್ಯಾಂಗಿನ ನಾಯಕ ಫಿಟೊ ಇರಬೇಕಾದ ಕೋಣೆ ಅದು. ತನಗೆ ಬೆದರಿಕೆ ಬರುತ್ತಿದೆ ಅಂತ ಸಾಯುವ ಮುಂಚೆ ವಿಯಾವಿಸೆನ್ಸಿಯೊ ಬಹಿರಂಗವಾಗಿ ಹೇಳಿದ್ದು ಇದೇ ಫಿಟೊ ಹೆಸರನ್ನು.