ಅಂಗನವಾಡಿ ಮಕ್ಕಳು, ಕಾವಿಗೆ ಕೂತ ಹೇಂಟೆ

ಕೇಳುಗರೆಲ್ಲರಿಗೂ ನಮಸ್ಕಾರ.

ಅಂಕೋಲೆ ಕಡೆಯ ಒಂದು ಅಂಗನವಾಡಿಯಲ್ಲಿ ನಾನು ಬಹಳ ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಚಿಕ್ಕ ಮಕ್ಕಳಿಗೆ ಕೋಳಿಮರಿ ಹುಟ್ಟುವುದನ್ನು ತೋರಿಸುವ ಬಗ್ಗೆ ಇವತ್ತು ಮಾತಾಡುತ್ತೇನೆ. ಈಗೀಗ ಕೆಲವು ಶಿಶುವಿಹಾರಗಳಲ್ಲಿ ಮೊಟ್ಟೆ ಮರಿ ಮಾಡುವ ಸಣ್ಣ ಯಂತ್ರ ತಂದಿಡುತ್ತಾರೆ. ನಮ್ಮಲ್ಲೂ ತರೋಣವಾ ಅಂತ ಬೇರೆ ಅಂಗನವಾಡಿಯ ಗೆಳತಿಯರು ಕೇಳುತ್ತಾರೆ. ಬೇಡ ಅಂತಲೇ ನಾನು ಹೇಳುವುದು. ನಮ್ಮ ಊರಿನಲ್ಲಿ ಇನ್ನೂ ಹೇಂಟೆ ಕಾವಿಗೆ ಕೂರುತ್ತದೆ. ಮಕ್ಕಳನ್ನು ಅದರ ಹತ್ತಿರ ಕರೆದುಕೊಂಡು ಹೋಗಿ.

ಯಂತ್ರ ಕೆಟ್ಟದ್ದು ಅಂತಲ್ಲ. ಆದರೆ ಅದಕ್ಕೆ ಹಗಲೂ ರಾತ್ರಿ 37.5 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿ ಇರಬೇಕು. ನಮ್ಮ ಕಡೆ ಒಂದು ಜೋರು ಗಾಳಿ ಬಂದರೆ ಮರದ ಟೊಂಗೆ ತಂತಿ ಮೇಲೆ ಬೀಳುತ್ತದೆ. ಕರೆಂಟು ಹೋದರೆ ಮತ್ತೆ ಯಾವಾಗ ಬರುತ್ತದೋ ಹೇಳುವವರಿಲ್ಲ. ದಿನಕ್ಕೆ ಮೂರು ಸಲವಾದರೂ ಮೊಟ್ಟೆ ಹೊರಳಿಸಬೇಕು, ಇಲ್ಲದಿದ್ದರೆ ಒಳಗಿನ ಮರಿ ಸಿಪ್ಪೆಯ ಪೊರೆಗೆ ಅಂಟಿಕೊಳ್ಳುತ್ತದೆ. ಭಾನುವಾರ ಯಾರು ಬಂದು ಹೊರಳಿಸುತ್ತಾರೆ? ಹೇಂಟೆಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಕೊಕ್ಕಿನಿಂದ ತಾನೇ ಹೊರಳಿಸುತ್ತದೆ. ಅಂಚಿನ ಮೊಟ್ಟೆಯನ್ನು ನಡುವಿಗೆ ಎಳೆದುಕೊಳ್ಳುತ್ತದೆ. ದಿನಕ್ಕೊಮ್ಮೆ ಎದ್ದು ಹೋಗಿ, ಕಾಳು ತಿಂದು, ನೀರು ಕುಡಿದು, ಸ್ವಲ್ಪ ಹೊತ್ತಿಗೆ ವಾಪಸ್ಸು ಬಂದು ಕೂರುತ್ತದೆ. ಮತ್ತೆ ಯಂತ್ರದಲ್ಲಿ ಹುಟ್ಟಿದ ಮರಿಗೆ ತಾಯಿ ಇರುವುದಿಲ್ಲ, ಅಲ್ವಾ? ಮೊದಲ ವಾರ ಅದಕ್ಕೆ ಸುಮಾರು 35 ಡಿಗ್ರಿ ಬಿಸಿ ಬೇಕು. ಬಲ್ಬು ಕಟ್ಟಿ ನೀವೇ ಕಾಯಬೇಕು. ಹೇಂಟೆಯ ರೆಕ್ಕೆಯಡಿ ಆ ಚಿಂತೆ ಇಲ್ಲ.

ಹಾಗಾದರೆ ಶುರು ಮಾಡುವುದು ಹೇಗೆ? ಅಂಗನವಾಡಿಗೆ ಹತ್ತಿರದಲ್ಲಿ, ಮಕ್ಕಳು ನಡೆದು ಹೋಗುವಷ್ಟು ದೂರದಲ್ಲಿ, ಊರ ಕೋಳಿ ಸಾಕಿದ ಮನೆ ಇದೆಯಾ ನೋಡಿ. ಊರ ಕೋಳಿಯೇ ಬೇಕು. ಫಾರಂ ಕೋಳಿ ಕಾವಿಗೆ ಕೂರುವುದಿಲ್ಲ. ಹೇಂಟೆ ಗೂಡು ಬಿಟ್ಟು ಏಳದೆ, ಹತ್ತಿರ ಹೋದರೆ ರೆಕ್ಕೆ ಕೆದರಿ ಗುರ್ ಅಂದರೆ ಅದಕ್ಕೆ ಕಾವು ಬಂದಿದೆ ಅಂತ ಆ ಮನೆಯ ಅಜ್ಜಿಯೇ ಹೇಳುತ್ತಾಳೆ. ಬುಟ್ಟಿಗೆ ಒಣಹುಲ್ಲು ಹಾಕಿ, ಹತ್ತು ಹನ್ನೆರಡು ಮೊಟ್ಟೆ ಇಟ್ಟು, ರಾತ್ರಿ ಹೊತ್ತು ಕೂರಿಸುತ್ತಾರೆ. ಎಲ್ಲ ಮೊಟ್ಟೆ ಒಂದೇ ದಿನ ಇಡಬೇಕು. ಹಿಂದೆ ಮುಂದೆ ಇಟ್ಟರೆ ಮರಿಯೂ ಹಿಂದೆ ಮುಂದೆ ಆಗುತ್ತದೆ. ಮೊದಲ ಮರಿಗಳು ಓಡಾಡಲು ಶುರು ಮಾಡಿದ ಮೇಲೆ ಹೇಂಟೆ ಅವುಗಳ ಹಿಂದೆ ಎದ್ದು ಹೋಗುತ್ತದೆ, ಉಳಿದವು ತಣ್ಣಗಾಗುತ್ತವೆ. ಕೆಲವು ಮನೆಗಳಲ್ಲಿ ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಬುಟ್ಟಿಯಲ್ಲಿ ಕಬ್ಬಿಣದ ಚೂರು ಇಡುತ್ತಾರೆ. ಇಡಲಿ, ತೊಂದರೆ ಇಲ್ಲ. ಬುಟ್ಟಿ ಇಡುವ ಜಾಗ ಒಣಗಿರಲಿ, ಬೆಕ್ಕು, ಕೇರೆ ಹಾವು, ಮುಂಗುಸಿ ನುಗ್ಗದ ಹಾಗಿರಲಿ. ಅದು ಮುಖ್ಯ.

ಕೋಳಿಮೊಟ್ಟೆಗೆ 21 ದಿನ ಕಾವು. ಅಂದರೆ ಸರಿಯಾಗಿ ಮೂರು ವಾರ. ಮಂಗಳವಾರ ಇಟ್ಟರೆ ಮಂಗಳವಾರದ ಆಸುಪಾಸಿಗೆ ಮರಿ. ವಾರದ ನಡುವೆ ಇಡಿಸಿ, ರಜೆಯ ದಿನ ಮರಿ ಹೊರಬಂದು ಮಕ್ಕಳಿಗೆ ತಪ್ಪಿಹೋಗಬಾರದು.

ಈ ಮೂರು ವಾರವೇ ನನಗೆ ಎಲ್ಲಕ್ಕಿಂತ ಇಷ್ಟ. ಮೂರು ವರ್ಷದ ಮಗುವಿಗೆ 21ರವರೆಗೆ ಎಣಿಸಲು ಬರುವುದಿಲ್ಲ. ನಾವು ಒಂದು ರಟ್ಟಿಗೆ ಕೆಮ್ಮಣ್ಣು ಬಳಿದು, 21 ಮನೆ ಗೆರೆ ಹಾಕಿ, ಗೋಡೆಗೆ ತೂಗುಹಾಕುತ್ತೇವೆ. ದಿನಾ ಒಂದು ಮಗು ಶೇಡಿಯಲ್ಲಿ, ಅಂದರೆ ಕಲಸಿದ ಬಿಳಿಮಣ್ಣಿನಲ್ಲಿ, ಬೆರಳು ಅದ್ದಿ ಒಂದು ಮನೆಗೆ ಚುಕ್ಕೆ ಇಡುತ್ತದೆ. ಇನ್ನೆಷ್ಟು ಮನೆ ಖಾಲಿ ಇದೆ ಅಂತ ಕಣ್ಣಿಗೇ ಕಾಣುತ್ತದೆ. ಈಗಿನ ಮಕ್ಕಳಿಗೆ ಮೊಬೈಲು ಮುಟ್ಟಿದ ತಕ್ಷಣ ಬೇಕಾದ್ದು ಬರುತ್ತದೆ. ಹೇಂಟೆ ಯಾರು ಅತ್ತರೂ ಒಂದು ದಿನ ಮುಂಚೆ ಏಳುವುದಿಲ್ಲ. ಇದನ್ನು ಮಕ್ಕಳು ಎಷ್ಟು ಬೇಗ ಒಪ್ಪಿಕೊಳ್ಳುತ್ತಾರೆ ಅಂದರೆ ನಮಗೇ ಆಶ್ಚರ್ಯ. ಗಲಾಟೆ ಮಾಡುವ ಮಗುವೂ ಆ ಮನೆಯ ಬೇಲಿ ದಾಟಿದ ಕೂಡಲೇ ಪಿಸುಮಾತಿಗೆ ಇಳಿಯುತ್ತದೆ.

ಏಳನೇ ದಿನದ ಹೊತ್ತಿಗೆ ಒಂದು ಕೆಲಸ ಮಾಡಬಹುದು. ಹೇಂಟೆ ಮೇಯಲು ಎದ್ದಾಗ ಮನೆಯವರು ಒಂದು ಮೊಟ್ಟೆ ಎತ್ತಿಕೊಡಲಿ. ಕತ್ತಲೆ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚು ಹಿಡಿಯಿರಿ. ಒಳಗೆಲ್ಲ ಕೆಂಪಗೆ ಬೆಳಗುತ್ತದೆ. ನಡುವೆ ಒಂದು ಕಪ್ಪು ಚುಕ್ಕೆ, ಅದರಿಂದ ನಾಲ್ಕೂ ಕಡೆಗೆ ಜೇಡನ ಕಾಲಿನಷ್ಟು ತೆಳ್ಳಗಿನ ರಕ್ತನಾಳಗಳು. ಸುಮ್ನೆ ನೋಡುತ್ತಾ ನಿಂತರೆ ಆ ಚುಕ್ಕೆ ಅಲುಗಿದ್ದೂ ಕಾಣಬಹುದು. ಏನೂ ಕಾಣದೆ ಬರೀ ತಿಳಿಯಾಗಿ ಹೊಳೆದರೆ ಅದು ಗೊಡ್ಡು ಮೊಟ್ಟೆ. ಮರಿಯ ಎದೆ ಬಡಿಯಲು ಶುರುವಾಗುವುದು ಎರಡನೇ ದಿನದ ಹೊತ್ತಿಗೇ. ಇದನ್ನು ಹೇಳಿದಾಗ ಒಂದು ಹುಡುಗಿ ತನ್ನ ಎದೆ ಮೇಲೆ ಕೈ ಇಟ್ಟುಕೊಂಡು, “ಅಕ್ಕೋರೇ, ಅದಕ್ಕೆ ಒಳಗೆ ಗಾಳಿ ಹ್ಯಾಗೆ ಹೋಗ್ತದೆ?” ಅಂದಳು. ಎಂಥಾ ಪ್ರಶ್ನೆ! ಮೊಟ್ಟೆಯ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ತೂತುಗಳಿವೆ. ತೋರಿಸುವುದೂ ಸುಲಭ. ಅಂಗಡಿಯಿಂದ ತಂದ ಒಂದು ಮೊಟ್ಟೆಯನ್ನು ಬಿಸಿನೀರಿನ ಗ್ಲಾಸಿನಲ್ಲಿ ಮುಳುಗಿಸಿ. ಸಿಪ್ಪೆಯ ಮೇಲೆ, ಜಾಸ್ತಿಯಾಗಿ ದಪ್ಪ ತುದಿಯಲ್ಲಿ, ಸಣ್ಣ ಗುಳ್ಳೆಗಳು ಕೂರುತ್ತವೆ. ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಹೊರಗೆ ಬಂದದ್ದು ಅದು. ಕಾವಿನ ಮೊಟ್ಟೆಯನ್ನು ಮಾತ್ರ ಹೀಗೆ ಮುಳುಗಿಸಬೇಡಿ.

ಇನ್ನೊಂದು ಪ್ರಶ್ನೆ ಖಂಡಿತ ಬರುತ್ತದೆ. ನಾವು ತಿನ್ನುವ ಮೊಟ್ಟೆಯಲ್ಲೂ ಮರಿ ಇತ್ತಾ? ಆ ಮೇಲೆ ಕೆಲವು ಮಕ್ಕಳು ತಟ್ಟೆಯ ಮೊಟ್ಟೆ ಪಕ್ಕಕ್ಕೆ ಸರಿಸುತ್ತಾರೆ. ನಿಜ ಹೇಳಿಬಿಡಿ. ಅಂಗಡಿ ಮೊಟ್ಟೆ ಬರುವ ಫಾರಂನಲ್ಲಿ ಹುಂಜ ಇರುವುದಿಲ್ಲ. ಹುಂಜ ಇಲ್ಲದೆಯೂ ಕೋಳಿ ಮೊಟ್ಟೆ ಇಡುತ್ತದೆ, ಆದರೆ ಅದರಲ್ಲಿ ಮರಿ ಆಗುವುದಿಲ್ಲ. ಇಷ್ಟು ಸಾಕು.

ಹದಿನೆಂಟು ದಿನ ಆದ ಮೇಲೆ ಮೊಟ್ಟೆ ಮುಟ್ಟುವ ಹಾಗಿಲ್ಲ. ಮರಿ ತಿರುಗಿ, ತಲೆಯನ್ನು ದಪ್ಪ ತುದಿಯಲ್ಲಿ ಗಾಳಿ ತುಂಬಿದ ಜಾಗದ ಕಡೆಗೆ ತಂದುಕೊಳ್ಳುತ್ತದೆ. ಹೊರಬರುವ ಹಿಂದಿನ ದಿನ ಆ ಗಾಳಿಯನ್ನು ಮೊದಲ ಸಲ ಉಸಿರಾಡುತ್ತದೆ. ಆಗ ಸಿಪ್ಪೆಯ ಒಳಗಿನಿಂದಲೇ ಚಿಂವ್ ಚಿಂವ್ ಕೇಳುತ್ತದೆ. ಹೇಂಟೆ ಕೆಳದನಿಯಲ್ಲಿ ಕೊಕ್ ಕೊಕ್ ಅಂತ ಉತ್ತರ ಕೊಡುತ್ತದೆ. ಮರಿಯ ಕೊಕ್ಕಿನ ತುದಿಯಲ್ಲಿ ಒಂದು ಬಿಳಿ ಮುಳ್ಳು ಇರುತ್ತದೆ. ಅದರಿಂದಲೇ ಮರಿ ಸಿಪ್ಪೆ ಒಡೆಯುವುದು. ಕೆಲವು ದಿನಕ್ಕೆ ಅದು ಉದುರಿ ಹೋಗುತ್ತದೆ. ಮೊದಲ ಬಿರುಕು ಬಿಟ್ಟ ಮೇಲೆ ಪೂರ್ತಿ ಹೊರಬರಲು ಹನ್ನೆರಡು ಗಂಟೆ ಆಗಬಹುದು, ಇಡೀ ಒಂದು ದಿನವೂ ಆಗಬಹುದು. “ಪಾಪ, ನಾವು ತೆಗೆಯುವಾ” ಅಂತ ಮಕ್ಕಳು ಅಂಗಲಾಚುತ್ತಾರೆ. ದೊಡ್ಡವರಿಗೂ ಕೈ ತುರಿಸುತ್ತದೆ. ತೆಗೆಯಬಾರದು. ಪೊರೆಯಲ್ಲಿ ಇನ್ನೂ ರಕ್ತ ಇರುತ್ತದೆ. ಉಳಿದ ಹಳದಿ ಲೋಳೆಯನ್ನು ಮರಿ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಆ ಹಳದಿಯ ಬಲದಿಂದಲೇ ಹುಟ್ಟಿದ ಮೇಲೆ ಎರಡು ದಿನ ಏನೂ ತಿನ್ನದೆ ಇರಬಲ್ಲದು. ಅವಸರ ಮಾಡಿ ಸಿಪ್ಪೆ ಬಿಡಿಸಿದರೆ ರಕ್ತ ಸೋರಿ ಸಾಯುತ್ತದೆ.

ಎಲ್ಲ ಮೊಟ್ಟೆಯೂ ಮರಿ ಆಗುವುದಿಲ್ಲ. ಒಂದೆರಡು ಹಾಗೇ ಉಳಿಯುತ್ತವೆ. ಹುಟ್ಟಿದ ಮರಿಯೂ ಒಮ್ಮೊಮ್ಮೆ ಸಾಯುತ್ತದೆ. “ಅದು ಮಲಗಿದೆ”, “ಅಜ್ಜಿ ಮನೆಗೆ ಹೋಗಿದೆ” ಅನ್ನಬೇಡಿ. ಸತ್ತುಹೋಯಿತು ಅನ್ನಿ. ಮಕ್ಕಳು ಅಳುತ್ತಾರೆ, ಮತ್ತೆ ಮತ್ತೆ ಕೇಳುತ್ತಾರೆ, ತೆಂಗಿನ ಬುಡದಲ್ಲಿ ಹೂಳಿದ ಜಾಗ ತೋರಿಸು ಅನ್ನುತ್ತಾರೆ. ತೋರಿಸಿ. ಸುಳ್ಳು ಹೇಳಿದರೆ ಮಲಗುವುದಕ್ಕೇ ಹೆದರುವ ಮಕ್ಕಳಿದ್ದಾರೆ.

ಈಗ ಆರೋಗ್ಯದ ಮಾತು. ಇದರಲ್ಲಿ ನಾನು ಬಹಳ ಕಟ್ಟುನಿಟ್ಟು. ನೋಡಲು ಆರೋಗ್ಯವಾಗಿರುವ ಮರಿಯ ಹಿಕ್ಕೆಯಲ್ಲಿ, ಪುಕ್ಕದಲ್ಲಿ ಸಾಲ್ಮೊನೆಲ್ಲಾ ಅನ್ನುವ ರೋಗಾಣು ಇರಬಹುದು. ಅದರಿಂದ ಜ್ವರ, ಭೇದಿ, ಹೊಟ್ಟೆನೋವು ಬರುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ ಅದು ಜೋರಾಗಿಯೇ ಕಾಡುತ್ತದೆ. ಹಾಗಾಗಿ ಅವರ ಕೈಗೆ ಮರಿ ಕೊಡಬೇಡಿ. ಎಷ್ಟು ಮುದ್ದಾಗಿದ್ದರೂ ಕೊಡಬೇಡಿ. ಮನೆಯವರು ಹಿಡಿದುಕೊಳ್ಳಲಿ, ಮಕ್ಕಳು ಸ್ವಲ್ಪ ದೂರ ಕೂತು ನೋಡಲಿ. ವಾಪಸ್ಸು ಬಂದ ಮೇಲೆ, ಮುಟ್ಟಿರಲಿ ಬಿಡಲಿ, ಎಲ್ಲರೂ ಸೋಪು ಹಚ್ಚಿ ಕೈ ತೊಳೆಯಬೇಕು. ಅಡುಗೆ ಮಾಡುವ, ಊಟ ಮಾಡುವ ಕೋಣೆಗೆ ಕೋಳಿ ಬರಲೇಬಾರದು. ಹೇಂಟೆಯನ್ನು ಅದರ ಮನೆಯಲ್ಲೇ ಬಿಡಿ ಅಂತ ನಾನು ಹೇಳಲು ಇದೂ ಒಂದು ಕಾರಣ. ಊರಿನಲ್ಲಿ ಕೋಳಿಗಳು ಒಂದರ ಹಿಂದೆ ಒಂದು ಸಾಯುತ್ತಿದ್ದರೆ ಮಕ್ಕಳನ್ನು ಆ ಕಡೆ ಕಳಿಸಬೇಡಿ, ಪಶು ಆಸ್ಪತ್ರೆಗೆ ತಿಳಿಸಿ.

ಮರಿಗೆ ಮೊದಲ ವಾರದಲ್ಲಿ ಕೊಕ್ಕರೆ ರೋಗದ, ಅಂದರೆ ಕೋಳಿಗಳಿಗೆ ಬರುವ ರಾಣಿಖೇತ್ ರೋಗದ, ಲಸಿಕೆ ಹಾಕಿಸಿ. ಕಣ್ಣಿಗೆ ಒಂದು ಹನಿ ಬಿಡುತ್ತಾರೆ. ಅದನ್ನು ನೋಡಿ ನಮ್ಮ ಒಬ್ಬ ಹುಡುಗ, “ನಂಗೂ ಪೋಲಿಯೋ ಹನಿ ಹಾಕಿದ್ರು, ಬಾಯಿಗೆ” ಅಂತ ಎಲ್ಲರಿಗೂ ಸಾರಿದ. ಮರಿಗಿಂತ ತಾನು ದೊಡ್ಡವನು ಅಂತ ಅವನಿಗೆ ಅವತ್ತು ಖಾತ್ರಿಯಾಯಿತು.

ಪಾಲಕರ ಹತ್ತಿರ ಮೊದಲೇ ಮಾತಾಡಿ. ಘಟ್ಟದ ಮೇಲೆ, ಶಿರಸಿ ಕಡೆ, ಕೋಳಿ ಸಾಕದ, ತಿನ್ನದ ಮನೆಗಳ ಮಕ್ಕಳೂ ಬರುತ್ತಾರೆ. ಕೇಳದೆ ಕರೆದುಕೊಂಡು ಹೋದರೆ ಮನಸ್ತಾಪ. ಬುಟ್ಟಿ ಇಡುವ ಮೊದಲು ಇನ್ನೊಂದು ತೀರ್ಮಾನ ಆಗಬೇಕು: ಮರಿಗಳು ದೊಡ್ಡವಾದ ಮೇಲೆ ಎಲ್ಲಿ? ಹುಟ್ಟಿದ ಮರಿಗಳಲ್ಲಿ ಸುಮಾರು ಅರ್ಧ ಹುಂಜಗಳು. ಹೇಂಟೆ ಮನೆಯಲ್ಲೇ ಉಳಿದರೆ ಈ ಪ್ರಶ್ನೆಗೆ ಆ ಮನೆಯವರ ಹತ್ತಿರ ಉತ್ತರ ಇರುತ್ತದೆ. ಯಂತ್ರದಲ್ಲಿ ಮರಿ ಮಾಡಿಸಿ, ಫೋಟೋ ತೆಗೆದು, ಆಮೇಲೆ ಯಾರಿಗೋ ರಟ್ಟಿನ ಪೆಟ್ಟಿಗೆಯಲ್ಲಿ ದಾಟಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳನ್ನೂ ಕೊಡಿಸಬೇಡಿ. ತಾಯಿಯ ಬಿಸಿ ಇಲ್ಲದ ಆ ಮರಿಗಳಲ್ಲಿ ಬದುಕುವವು ಬಹಳ ಕಡಿಮೆ.

ಕಾಲದ ಬಗ್ಗೆ ಒಂದು ಮಾತು. ಜೂನ್, ಜುಲೈ ಬೇಡ. ಆ ಮಳೆಯಲ್ಲಿ ಮರಿಗಳಿಗೆ ಥಂಡಿ ಹಿಡಿಯುತ್ತದೆ, ಚಿಕ್ಕ ಮಕ್ಕಳನ್ನು ದಿನಾ ನಡೆಸಿಕೊಂಡು ಹೋಗುವುದೂ ಕಷ್ಟ. ದೀಪಾವಳಿ ಕಳೆದು ನೆಲ ಒಣಗಿದ ಮೇಲೆ ನೋಡಿ. ಈಗಲೇ ಅಕ್ಕಪಕ್ಕದ ಮನೆಗಳಲ್ಲಿ ಹೇಳಿಡಿ, ಹೇಂಟೆ ಕಾವಿಗೆ ಬಂದ ದಿನ ಅವರೇ ಕೂಗಿ ಕರೆಯುತ್ತಾರೆ.

ನಮಸ್ಕಾರ.